ದೇಶಸಂಜ್ಞೆ ಇಲ್ಲದ ಭಾಷಾಸಂಜ್ಞೆ: ಬೆಳಗಾವಿ ಸೀಮೆಯ ನಾಲ್ಕು ಊರುಗಳ ನಿಮಿತ್ತವಾಗಿ ಒಂದು ವಿವೇಚನೆ

ರಾಮದುರ್ಗ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡುದು 1948ನೆಯ ಇಸವಿಯ ಮಾರ್ಚ್ 8ರಂದು. ಇದರಲ್ಲಿ ವಿವಾದಕ್ಕೆ ಎಡೆಯಿಲ್ಲ. ಆದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗಗಳಿಗೆ ಸಂಬಂಧಪಟ್ಟ ಕಾಗದಪತ್ರಗಳ ಸೂಚಿಯೊಂದನ್ನು ನಾವು ಗಣಕಯಂತ್ರದಲ್ಲಿ ಅಣಿಗೊಳಿಸುತ್ತಿದ್ದಾಗ, ಅದೇ ವಿಲೀನವು ಆಗಸ್ಟ್ 3ರಂದು ನಡೆದಂತೆ ಹಾಳೆಯ ಮೇಲೆ ತೋರಿಬಂದಿತು. ರಾಜ್ಯಗಳ ಏಕೀಕರಣದ ದಿನವಾದ 1-11-1956 ಎಂಬುದು ಜನವರಿ 11 ಆಗಿ ಕುಳಿತಿತ್ತು. 15-8-1947 ಮಾತ್ರ ಸರಿಯಾಗಿಯೇ ಉಳಿದಿತ್ತು; ಏಕೆಂದರೆ ಹದಿನೈದನೆಯ ತಿಂಗಳು ಎಂಬುದು ಯಾವ ಪಂಚಾಂಗದಲ್ಲಿಯೂ ಇಲ್ಲ. ಹನ್ನೆರಡನ್ನು ಮೀರಿದ ದಿನಗಳು ನೆಟ್ಟಗಿದ್ದು, ಹನ್ನೆರಡರ ಒಳಗಿನವು ಮಾತ್ರ ತಿರುವುಮುರುವಾಗಿದ್ದುದರಿಂದ ದೋಷವು ಬಹುದಿನ ನಮ್ಮ ಕಣ್ಣಿಗೆ ಬೀಳಲಿಲ್ಲ. ಪೂರ್ತಿ ತಪ್ಪಾದ ಸೂಚಿಗಿಂತ ಅರ್ಧ ಸರಿಯಾದ ಸೂಚಿ ಹೆಚ್ಚು ಅಪಾಯಕರವೆಂಬುದನ್ನು ಶಾಸನಗಳ ನಕಲು ಮಾಡಿದವರಿಗೆ ನಾವು ಹೇಳಬೇಕಾಗಿಲ್ಲ.

ಕಾರಣವನ್ನು ಹುಡುಕಿದಾಗ ತಿಳಿದುದು ಇಷ್ಟು: ಆ ಯಂತ್ರದ ವ್ಯವಸ್ಥೆಯಲ್ಲಿ ಭಾಷೆ 'ಇಂಗ್ಲಿಷ್' ಎಂದು ನಮೂದಾಗಿತ್ತು, ದೇಶ ಯಾವುದೆಂಬುದು ನಮೂದಾಗಿರಲಿಲ್ಲ. ಯಾರೂ ಹೇಳದ ದೇಶವನ್ನು ಯಂತ್ರವು ತಾನೇ ಅಮೆರಿಕವೆಂದು ಭಾವಿಸಿಕೊಂಡು, ಅಲ್ಲಿನ ಪದ್ಧತಿಯಂತೆ ತಿಂಗಳನ್ನು ಮೊದಲಿಟ್ಟು ದಿನವನ್ನು ಅದರ ಮುಂದೆ ಇಟ್ಟು ಓದಿತು. ಒಂದು ಖಾಲಿ ಮನೆ. ಅದರಿಂದ ಒಂದು ಸಂಸ್ಥಾನದ ಅಂತ್ಯವು ಐದು ತಿಂಗಳು ಮುಂದಕ್ಕೆ ಸರಿಯಿತು. ಬಿಟ್ಟುಹೋದ ಈ ದೇಶಸಂಜ್ಞೆಯ ವಿಚಾರವು ಯಂತ್ರಶಿಲ್ಪಿಗಳಿಗೆ ಮಾತ್ರ ಸೇರಿದ್ದಲ್ಲ, ಚರಿತ್ರೆಯ ವಿದ್ಯಾರ್ಥಿಗಳಿಗೂ ಸೇರಿದ್ದು ಎಂದು ನಮಗೆ ತೋರಿದುದರಿಂದ ಇಲ್ಲಿ ಅದನ್ನು ಕೊಂಚ ವಿಸ್ತಾರವಾಗಿ ಪರಿಶೀಲಿಸಬಯಸುತ್ತೇವೆ.

ಗಣಕಯಂತ್ರವು ಒಬ್ಬನೊಡನೆ ಯಾವ ಭಾಷೆಯಲ್ಲಿ ವ್ಯವಹರಿಸಬೇಕು, ದಿನಾಂಕವನ್ನು ಯಾವ ಕ್ರಮದಲ್ಲಿ ಬರೆಯಬೇಕು, ಹಣಕ್ಕೆ ಯಾವ ಚಿಹ್ನೆ, ವಾರ ಎಂದಿನಿಂದ ಮೊದಲು ಎಂಬುದನ್ನೆಲ್ಲ ಒಂದೇ ಸಣ್ಣ ಸಂಜ್ಞೆಯಿಂದ ತಿಳಿಯುತ್ತದೆ. ಇದಕ್ಕೆ ತಜ್ಞರು 'ಲೊಕೇಲ್' ಎನ್ನುತ್ತಾರೆ. ಕನ್ನಡಕ್ಕೆ ಸಂಬಂಧಿಸಿದಂತೆ ಪೂರ್ಣ ಸಂಜ್ಞೆಯಲ್ಲಿ ಮೂರು ಅಂಗಗಳುಂಟು: ಭಾಷೆಗೆ 'ಕೆಎನ್', ಲಿಪಿಗೆ 'ಕೆಎನ್‌ಡಿಎ', ದೇಶಕ್ಕೆ 'ಐಎನ್'. ಈ ಮೂರೂ ಒಂದೇ ಕಾಲದಲ್ಲಿ, ಒಂದೇ ಕೈಯಿಂದ ಹುಟ್ಟಿದವಲ್ಲ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ದೇಶಸಂಜ್ಞೆಗಳ ಪಟ್ಟಿ (ಐಎಸ್‌ಒ 3166) ಮೊದಲು ಪ್ರಕಟವಾದುದು 1974ರಲ್ಲಿ. ಭಾಷೆಗಳ ಎರಡಕ್ಷರದ ಪಟ್ಟಿ (ಐಎಸ್‌ಒ 639) ಮಾನಕವಾಗಿ ಹೊರಬಂದುದು 1988ರಲ್ಲಿ. ಲಿಪಿಗಳ ಪಟ್ಟಿ (ಐಎಸ್‌ಒ 15924) 2004ರಲ್ಲಿ. ಭಾಷೆ ಬೇರೆ, ದೇಶ ಬೇರೆ ಎಂಬ ವಿವೇಕವು ಈ ಪಟ್ಟಿಗಳ ಹುಟ್ಟಿನಲ್ಲಿಯೇ ಇದೆ. ಎರಡನ್ನು ಒಂದು ಅಡಿಗೆರೆಯಿಂದ ಜೋಡಿಸಿ ಬರೆಯುವ ಪದ್ಧತಿ ಯೂನಿಕ್ಸ್ ಯಂತ್ರಗಳ ಲೋಕದಲ್ಲಿ ನೆಲೆಗೊಂಡಿತು. ಅಂತರಜಾಲದ ವ್ಯವಹಾರಕ್ಕಾಗಿ 1995ರ ಮಾರ್ಚ್‌ನಲ್ಲಿ ಆರ್‌ಎಫ್‌ಸಿ 1766 ಎಂಬ ನಿಬಂಧನೆ ಪ್ರಕಟವಾಯಿತು. 2001ರಲ್ಲಿ ಅದರ ಸ್ಥಾನಕ್ಕೆ 3066, 2006ರಲ್ಲಿ 4646, 2009ರಲ್ಲಿ 5646 ಬಂದವು. ಕೊನೆಯದು ಇಂದಿಗೂ ಆಧಾರವಾಗಿದೆ. ಕನ್ನಡವು ವಿಂಡೋಸ್ ವ್ಯವಸ್ಥೆಯನ್ನು ಪ್ರವೇಶಿಸಿದುದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ. ಅಲ್ಲಿ 'ಭಾರತದ ಕನ್ನಡ'ಕ್ಕೆ 1099 ಎಂಬ ಕ್ರಮಾಂಕ ದೊರೆಯಿತು.

ಈ 5646ನೆಯ ನಿಬಂಧನೆಯಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದ ಒಂದು ಉಪದೇಶವಿದೆ. ಸಂಜ್ಞೆಯು ಎಷ್ಟು ಬೇಕೋ ಅಷ್ಟು ಖಚಿತವಾಗಿರಲಿ, ಆಧಾರವಿಲ್ಲದ ಖಚಿತತೆ ಬೇಡ ಎಂಬುದು ಅದರ ತಾತ್ಪರ್ಯ. ಕನ್ನಡಕ್ಕೆ ಲಿಪಿಯನ್ನು ಹೇಳುವುದು ಸಾಮಾನ್ಯವಾಗಿ ಅನಾವಶ್ಯಕವೆಂದು ಅದರ ನೋಂದಣಿಪಟ್ಟಿಯೇ ಸೂಚಿಸುತ್ತದೆ. ಅದರಂತೆಯೇ ಒಂದು ಕನ್ನಡ ಲೇಖನಕ್ಕೆ ಬರಿದೆ 'ಕೆಎನ್' ಎಂದು ಗುರುತು ಹಾಕಿದರೆ ಸಾಕು. ಅದು ಧಾರವಾಡದಲ್ಲಿ ಅಚ್ಚಾಯಿತೋ ಕಾಸರಗೋಡಿನಲ್ಲಿ ಅಚ್ಚಾಯಿತೋ ಎಂಬುದರಿಂದ ಓದುವವನಿಗೆ ಭೇದವಿಲ್ಲ. ಆದುದರಿಂದ ದೇಶಸಂಜ್ಞೆಯ ಅಭಾವವು ತನ್ನಷ್ಟಕ್ಕೆ ದೋಷವಲ್ಲ. ಬರಹಕ್ಕೆ ಕಟ್ಟಿದ ಚೀಟಿಯಲ್ಲಿ ಅದು ಯುಕ್ತವಾದ ಮೌನ. ಬಳಸುವವನ ವ್ಯವಸ್ಥೆಯಲ್ಲಾದರೋ ಅದೇ ಮೌನವು ಕೊರತೆಯಾಗುತ್ತದೆ. ಏಕೆಂದರೆ ಹಣ, ವಾರ, ರಜೆ ಇವು ಭಾಷೆಯನ್ನು ಅನುಸರಿಸದೆ ದೇಶವನ್ನು ಅನುಸರಿಸುವ ಸಂಗತಿಗಳು. ಈ ಎರಡು ಸಂದರ್ಭಗಳನ್ನು ಬೇರ್ಪಡಿಸದೆ ಇದ್ದುದೇ ಅನೇಕ ತೊಡಕುಗಳ ಮೂಲವೆಂದು ನಾವು ಭಾವಿಸಿದ್ದೇವೆ.

ಇಲ್ಲಿ ಸವದತ್ತಿಯ ಕಡೆಗೆ ಒಮ್ಮೆ ತಿರುಗುವುದು ಅಪ್ರಸ್ತುತವಾಗಲಾರದು. ಸವದತ್ತಿಯ ಪ್ರಾಚೀನ ನಾಮ ಸುಗಂಧವರ್ತಿ ಎಂಬುದು, ಅದು ರಟ್ಟರ ರಾಜಧಾನಿಯಾಗಿತ್ತೆಂಬುದು ವಾಚಕರಿಗೆ ವಿದಿತವೇ ಇದೆ. ರಟ್ಟರ ಆಳ್ವಿಕೆಗೆ ಒಳಪಟ್ಟ ಪ್ರದೇಶ ಕೂಂಡಿ ಮೂರು ಸಾವಿರ. ಸುಗಂಧವರ್ತಿ ಹನ್ನೆರಡು ಎಂಬುದು ಅದರೊಳಗಿನ ಒಂದು ಕಂಪಣ. ಊರನ್ನು ಹೇಳಿ ಅದು ಯಾವ ನಾಡಿನೊಳಗಿನದೆಂದು ಹೇಳುವುದು ಶಾಸನಕಾರರ ರೂಢಿ. ಆದರೆ ಎಲ್ಲ ಶಾಸನಗಳಲ್ಲಿಯೂ ನಾಡಿನ ಹೆಸರು ಸಿಕ್ಕುವುದಿಲ್ಲ. ಕೆಲವೆಡೆ ಕಲ್ಲು ಚಕ್ಕೆಯೆದ್ದು ಅಕ್ಷರ ಹೋಗಿರುತ್ತದೆ. ಕೆಲವೆಡೆ ಬರೆಸಿದವರೇ ಹೇಳಿರುವುದಿಲ್ಲ, ಊರವರಿಗೆಲ್ಲ ಗೊತ್ತಿದ್ದುದನ್ನು ಕಲ್ಲಿನಲ್ಲಿ ಏಕೆ ಕೊರೆಯಬೇಕೆಂದು. ಫ್ಲೀಟರು ಮೊದಲಾದವರು ಈ ಶಾಸನಗಳನ್ನು ಪ್ರಕಟಿಸಿದಂದಿನಿಂದ ನಮ್ಮ ಶಾಸ್ತ್ರದಲ್ಲಿ ಒಂದು ಶಿಸ್ತು ಬೆಳೆದುಬಂದಿದೆ. ಹೋದ ಅಕ್ಷರವನ್ನು ಸಂಪಾದಕನು ಊಹಿಸಿ ತುಂಬಬಹುದು. ಆದರೆ ತುಂಬಿದ್ದನ್ನು ಚೌಕ ಕಂಸದೊಳಗೆ ಇಡಬೇಕು. ಊಹಿಸಲಾಗದಿದ್ದಲ್ಲಿ ಚುಕ್ಕಿಗಳನ್ನಿಡಬೇಕು. ಮೊದಲೇ ಇಲ್ಲದಿದ್ದುದನ್ನು ಇದ್ದಿತೆಂದು ತೋರಿಸಕೂಡದು. ಕಲ್ಲು ಹೇಳಿದ್ದು ಯಾವುದು, ಸಂಪಾದಕ ಹೇಳಿದ್ದು ಯಾವುದು ಎಂಬ ಗೆರೆ ಅಳಿಸಿಹೋದರೆ ಮುಂದಿನವರ ಪಾಲಿಗೆ ಎರಡೂ ನಷ್ಟ.

ಗಣಕಯಂತ್ರದ ಲೋಕದಲ್ಲಿಯೂ ಚುಕ್ಕಿಗೆ ಸಮಾನವಾದ ಒಂದು ಸಂಜ್ಞೆಯುಂಟು. ಯೂನಿಕೋಡ್ ಒಕ್ಕೂಟದ ಪೋಷಣೆಯಲ್ಲಿರುವ ಸಿಎಲ್‌ಡಿಆರ್ ಎಂಬ ಭಾಷಾ-ದೇಶ ಮಾಹಿತಿಯ ಭಂಡಾರದಲ್ಲಿ 'ಝಡ್‌ಝಡ್' ಎಂದರೆ 'ದೇಶ ತಿಳಿಯದು' ಎಂದರ್ಥ. ಖಾಲಿ ಬಿಟ್ಟಿರುವುದೆಂದರೆ 'ದೇಶವನ್ನು ಹೇಳಿಲ್ಲ' ಎಂದರ್ಥ. ಇವೆರಡೂ ಒಂದೇ ಅಲ್ಲ. ಇನ್ನು '001' ಎಂಬ ಸಂಖ್ಯೆ ಇಡಿಯ ಜಗತ್ತನ್ನು ಸೂಚಿಸುತ್ತದೆ. ಚಕ್ಕೆಯೆದ್ದ ಕಲ್ಲು, ಬರೆಯದ ಕಲ್ಲು, 'ಸಮಸ್ತ ಭುವನ' ಎಂದು ಬರೆದ ಕಲ್ಲು ಎಂಬ ಮೂರು ಭೇದಗಳನ್ನು ನೆನೆದರೆ ಇದು ಮನಸ್ಸಿಗೆ ಹತ್ತುತ್ತದೆ. ದುರ್ದೈವದಿಂದ ಅನೇಕ ತಂತ್ರಾಂಶಗಳು ಮೂರನ್ನೂ ಒಂದೇ ಚೀಲಕ್ಕೆ ತುರುಕುತ್ತವೆ.

ಹೀಗೆ ದೇಶ ಹೇಳದೆ ಬರಿದೆ 'ಕನ್ನಡ' ಎಂದಾಗ ಯಂತ್ರಗಳು ಏನು ಮಾಡುತ್ತವೆ? ಕೆಲವು ಖಂಡಿತವಾಗಿ ನಿರಾಕರಿಸುತ್ತವೆ. ಜಾವಾದಲ್ಲಿ ದೇಶವಿಲ್ಲದ ಲೊಕೇಲ್ ಕೊಟ್ಟು ಅದರ ನಾಣ್ಯ ಯಾವುದೆಂದು ಕೇಳಿದರೆ ಉತ್ತರದ ಬದಲು ದೋಷಸೂಚನೆ ಬರುತ್ತದೆ. ಡಾಟ್‌ನೆಟ್ ವ್ಯವಸ್ಥೆ ಬರಿಯ 'ಕೆಎನ್' ಅನ್ನು 'ತಟಸ್ಥ ಸಂಸ್ಕೃತಿ'ಯೆಂದು ಕರೆದು, ಅದರಿಂದ ದೇಶದ ವಿವರವನ್ನು ಕೊಡಲೊಲ್ಲೆನೆನ್ನುತ್ತದೆ. ಲಿನಕ್ಸ್ ಯಂತ್ರಗಳಲ್ಲಿ ಬಳಕೆಯಾಗುವ ಜಿಎನ್‌ಯು ಗ್ರಂಥಾಲಯದಲ್ಲಿ 'ಭಾರತದ ಕನ್ನಡ' ಎಂಬ ಲೊಕೇಲ್ ಇದೆ, ಬರಿಯ 'ಕನ್ನಡ' ಎಂಬುದಿಲ್ಲ. ಆದುದರಿಂದ ದೇಶ ಬಿಟ್ಟರೆ ಅದು ಕನ್ನಡವನ್ನೇ ಬಿಟ್ಟು 'ಸಿ' ಎಂಬ ಮೂಲಸ್ಥಿತಿಗೆ ಇಳಿಯುತ್ತದೆ. ಆಗ ತಿಂಗಳ ಹೆಸರುಗಳು ಇಂಗ್ಲಿಷಿನಲ್ಲಿ ಬರುತ್ತವೆ, ರೂಪಾಯಿಯ ಚಿಹ್ನೆ ಇಲ್ಲವಾಗುತ್ತದೆ. ದೇಶವನ್ನು ಹೇಳದ ತಪ್ಪಿಗೆ ಭಾಷೆ ದಂಡ ತೆರುವುದೆಂದರೆ ಇದೇ. ಸ್ವಾರಸ್ಯವೆಂದರೆ, ಅದೇ ಯಂತ್ರದಲ್ಲಿ ಅನುವಾದಗಳನ್ನು ಹುಡುಕಿಕೊಡುವ ಸಾಧನವು ಇದಕ್ಕೆ ವಿಪರೀತವಾಗಿ ನಡೆಯುತ್ತದೆ. 'ಭಾರತದ ಕನ್ನಡ'ಕ್ಕೆಂದೇ ಬೇರೆ ಅನುವಾದ ದೊರೆಯದಿದ್ದರೆ ಬರಿಯ 'ಕನ್ನಡ'ದ ಅನುವಾದವನ್ನು ಅದು ಸಂತೋಷದಿಂದ ಎತ್ತಿಕೊಳ್ಳುತ್ತದೆ.

ಮತ್ತೆ ಕೆಲವು ತಂತ್ರಾಂಶಗಳು ದೇಶವಿಲ್ಲದಿದ್ದರೆ ಜಗತ್ತಿನ ಸಾಮಾನ್ಯ ನಿಯಮವನ್ನು ಅನ್ವಯಿಸುತ್ತವೆ. ಮೇಲೆ ಹೇಳಿದ ಭಂಡಾರದ ಪ್ರಕಾರ ಜಗತ್ತಿಗೆ ವಾರದ ಮೊದಲ ದಿನ ಸೋಮವಾರ, ಬಿಡುವು ಶನಿವಾರ-ಭಾನುವಾರ. ಭಾರತಕ್ಕಾದರೋ ವಾರದ ಮೊದಲು ಭಾನುವಾರ, ಬಿಡುವೂ ಭಾನುವಾರ ಒಂದೇ. ಬೈಲಹೊಂಗಲದ ಒಂದು ಕಚೇರಿಯಲ್ಲಿ ಶನಿವಾರದ ಹಾಜರಿಯನ್ನು ಬಿಡುವಿನ ದಿನದ ದುಡಿಮೆಯೆಂದು ಯಂತ್ರ ಎಣಿಸಿದರೆ, ಅದಕ್ಕೆ ಕಾರಣ ಈ ಖಾಲಿ ಮನೆಯೇ ಆಗಿರಬಹುದು.

ಮೂರನೆಯ ಕ್ರಮ ಊಹೆಯದು. ಸಿಎಲ್‌ಡಿಆರ್‌ನಲ್ಲಿ 'ಸಂಭವನೀಯ ಅಂಗಗಳ' ಪಟ್ಟಿಯೊಂದಿದೆ. 'ಕನ್ನಡ' ಎಂದಷ್ಟೇ ಕೊಟ್ಟರೆ ಅದು 'ಕನ್ನಡ, ಕನ್ನಡ ಲಿಪಿ, ಭಾರತ' ಎಂದು ತುಂಬಿಕೊಡುತ್ತದೆ. ಕನ್ನಡ ಲಿಪಿಯೆಂದಷ್ಟೇ ಕೊಟ್ಟರೂ ಅದೇ ಉತ್ತರ. ಯೂನಿಕೋಡ್ ಒಕ್ಕೂಟದ ನಿಯಮವೂ ಇದೇ: ಬಳಸುವವನು ಬೇರೆ ದೇಶದ ಪದ್ಧತಿ ಬೇಕೆಂದು ವಿಶೇಷವಾಗಿ ಸೂಚಿಸಿದ್ದರೆ ಅದು ಮೊದಲು, ಇಲ್ಲವಾದರೆ ಸಂಜ್ಞೆಯೊಳಗಿನ ದೇಶ, ಅದೂ ಇಲ್ಲವಾದರೆ ಮಾತ್ರ ಈ ಪಟ್ಟಿಯ ಊಹೆ. ಕನ್ನಡದ ಮಟ್ಟಿಗೆ ಈ ಊಹೆ ಬಹುಮಟ್ಟಿಗೆ ಸತ್ಯವೇ ಆಗಿರುತ್ತದೆ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗನು ಮಾತ್ರ ತನ್ನ ದೇಶವನ್ನು ಬಾಯಿಬಿಟ್ಟು ಹೇಳಬೇಕು. ಹೇಳಿದರೆ ತಿಂಗಳ ಹೆಸರು ಕನ್ನಡದಲ್ಲಿಯೂ ನಾಣ್ಯ ಡಾಲರಿನಲ್ಲಿಯೂ ದೊರೆಯುತ್ತವೆ.

ಇಷ್ಟಕ್ಕೆ ತೃಪ್ತರಾಗಬಹುದಿತ್ತು. ಆದರೆ ಅದೇ ಪಟ್ಟಿಯನ್ನು ಮಗುಚಿ ಹಾಕಿದರೆ ಕಾಣುವುದು ಬೇರೆ. ದೇಶ 'ಭಾರತ'ವೆಂದಿದ್ದು ಭಾಷೆಯನ್ನು ಹೇಳದಿದ್ದರೆ ಪಟ್ಟಿಯ ಉತ್ತರ 'ಹಿಂದಿ, ದೇವನಾಗರಿ'. ಭಾಷೆ, ಲಿಪಿ, ದೇಶ ಮೂರನ್ನೂ ಹೇಳದಿದ್ದರೆ 'ಇಂಗ್ಲಿಷ್, ಲ್ಯಾಟಿನ್, ಅಮೆರಿಕ'. ನಮ್ಮ ಸೂಚಿಯನ್ನು ಕೆಡಿಸಿದ ಊಹೆಯೂ ಈ ಜಾತಿಯದೇ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಸಂಖ್ಯೆಯ ಬಲದಿಂದ ಮಾಡಿದ ಊಹೆ ಅದು. ಸಂಖ್ಯೆಯಿಂದ ಹುಟ್ಟಿದ ಊಹೆ ಸರಾಸರಿಯಲ್ಲಿ ನಿಜವಾಗಿ, ಸವದತ್ತಿಯಲ್ಲಿ ಸುಳ್ಳಾಗಬಹುದು. ಕನ್ನಡದಿಂದ ಭಾರತಕ್ಕೆ ಹೋಗುವ ದಾರಿ ನೆಟ್ಟಗಿದೆ, ಭಾರತದಿಂದ ಕನ್ನಡಕ್ಕೆ ಬರುವ ದಾರಿ ಇಲ್ಲ ಎಂಬುದನ್ನು ಮರೆಯದಿದ್ದರೆ, ಎರಡು ಅಂಗಗಳಲ್ಲಿ ಒಂದನ್ನು ಬಿಡಲೇಬೇಕಾದಾಗ ಯಾವುದನ್ನು ಬಿಡಬೇಕೆಂಬ ಪ್ರಶ್ನೆಗೆ ಉತ್ತರ ತಾನಾಗಿ ದೊರೆಯುತ್ತದೆ.

ಇನ್ನು ನಾಲ್ಕು ಊರುಗಳ ಮಾತು. ಇವುಗಳಲ್ಲಿ ಭಾಷೆಯ ಮನೆಯನ್ನು ತುಂಬುವುದು ಸುಲಭ. ರಟ್ಟರ ಕಾಲದಿಂದ ಇಂದಿನವರೆಗೂ ಅಲ್ಲಿಯ ಜನರ ನುಡಿ ಕನ್ನಡವೇ. ಪ್ರದೇಶದ ಮನೆಯಾದರೋ ಹಾಗಲ್ಲ. ಕಿತ್ತೂರು 1824ರವರೆಗೆ ದೇಸಾಯಿಯವರ ಸಂಸ್ಥಾನ. ಆ ವರ್ಷದ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರ ದೇಸಾಯಿಯವರು ತೀರಿಕೊಂಡರು; ದತ್ತಕವನ್ನು ಕಂಪನಿ ಸರಕಾರ ಮನ್ನಿಸಲಿಲ್ಲ; ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕಾಳಗದಲ್ಲಿ ಮಡಿದನು; ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಾಲವಾದಳು. ಆಗ ಬೆಳಗಾವಿ ಜಿಲ್ಲೆಯೆಂಬುದು ಇನ್ನೂ ಹುಟ್ಟಿರಲಿಲ್ಲ. ಧಾರವಾಡದಿಂದ ಅದು ಬೇರೆಯಾದುದು 1836ರಲ್ಲಿ. ಮುಂದೆ ಮುಂಬಯಿ ಸರಕಾರದ ಕಡತಗಳಲ್ಲಿ ಬೈಲಹೊಂಗಲವನ್ನು ಹುಡುಕುವವನು 'ಸಂಪಗಾವಿ' ತಾಲೂಕೆಂದೂ, ಸವದತ್ತಿಯನ್ನು ಹುಡುಕುವವನು 'ಪರಸಗಡ' ತಾಲೂಕೆಂದೂ ನೋಡಬೇಕು. ತಾಲೂಕಿನ ಹೆಸರು ಒಂದು, ಕಚೇರಿಯಿದ್ದ ಊರು ಇನ್ನೊಂದು. ರಾಮದುರ್ಗವು ಭಾವೆ ಮನೆತನದವರ ಸಂಸ್ಥಾನವಾಗಿ 1948ರವರೆಗೆ ಈ ಕಡತಗಳ ಹೊರಗೇ ಉಳಿಯಿತು. ನೆರೆಯ ಸವದತ್ತಿಯವನು ಮುಂಬಯಿ ಪ್ರಾಂತದ ಪ್ರಜೆ, ರಾಮದುರ್ಗದವನು ಸಂಸ್ಥಾನದ ಪ್ರಜೆ. ಆಡುವ ಮಾತಿನಲ್ಲಿ ಮಾತ್ರ ಇಬ್ಬರಿಗೂ ಭೇದವಿಲ್ಲ. 1956ರಲ್ಲಿ ಚಂದಗಡದ ಹೊರತು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು, ಆ ರಾಜ್ಯ 1973ರಲ್ಲಿ ಕರ್ನಾಟಕವೆನಿಸಿತು, 2021ರಲ್ಲಿ ಮುಂಬಯಿ-ಕರ್ನಾಟಕವೆಂಬ ಭಾಗಕ್ಕೆ ಕಿತ್ತೂರು ಕರ್ನಾಟಕವೆಂಬ ಹೆಸರು ಬಂದಿತು.

ಹೀಗಿರಲು 1824ರ ಒಂದು ಕಿತ್ತೂರು ಕಾಗದಕ್ಕೆ ಯಾವ ದೇಶಸಂಜ್ಞೆಯನ್ನು ಹಚ್ಚಬೇಕು? 'ಐಎನ್' ಎಂಬುದು ಇಂದಿನ ಭಾರತಕ್ಕೆ ಕೊಟ್ಟ ಗುರುತು. ಅದನ್ನು ಹಚ್ಚಿದರೆ ಕಾಗದ ಇಂದು ಎಲ್ಲಿದೆಯೆಂದು ತಿಳಿದೀತು, ಅಂದು ಯಾರ ಆಡಳಿತದಲ್ಲಿ ಬರೆಯಲ್ಪಟ್ಟಿತೆಂದು ತಿಳಿಯದು. ದಿನಾಂಕವನ್ನು ಸರಿಯಾದ ಕ್ರಮದಲ್ಲಿ ಮುದ್ರಿಸಲು ಯಂತ್ರಕ್ಕೆ ಬೇಕಾದ ದೇಶ ಒಂದು, ಚರಿತ್ರೆಗೆ ಬೇಕಾದ ದೇಶ ಇನ್ನೊಂದು. ಎರಡಕ್ಕೂ ಒಂದೇ ಮನೆಯನ್ನು ಬಳಸಿದುದು ನಮ್ಮ ಮೊದಲ ಸೂಚಿಯ ಎರಡನೆಯ ದೋಷವಾಗಿತ್ತು. ಇದು ಯಂತ್ರದ ತಪ್ಪಲ್ಲ, ನಮ್ಮದೇ.

ರಾಜ್ಯದ ವಿಷಯದಲ್ಲಿ ಊಹೆ ಇನ್ನೂ ಹೆಚ್ಚು ಎಡವುತ್ತದೆ. ದೇಶದೊಳಗಿನ ವಿಭಾಗಗಳಿಗೂ ಸಂಜ್ಞೆಗಳುಂಟು. 'ಐಎನ್-ಕೆಎ' ಎಂದರೆ ಕರ್ನಾಟಕ. ಬೇಕೆನಿಸಿದರೆ ಇದನ್ನು ಲೊಕೇಲಿನ ಬಾಲಕ್ಕೆ ಸೇರಿಸುವ ಅನುಕೂಲವನ್ನು ಯೂನಿಕೋಡ್ ಒಕ್ಕೂಟ ಕಲ್ಪಿಸಿದೆ. ಆದರೆ ಸಂಭವನೀಯ ಅಂಗಗಳ ಪಟ್ಟಿಯು 'ಕನ್ನಡ'ದಿಂದ ಭಾರತವನ್ನು ಊಹಿಸಿ ಅಲ್ಲಿಗೇ ನಿಲ್ಲುತ್ತದೆ, ಕರ್ನಾಟಕವನ್ನು ಊಹಿಸುವುದಿಲ್ಲ. ಈ ಸಂಯಮವನ್ನು ನಾವು ಮೆಚ್ಚುತ್ತೇವೆ. ಏಕೆಂದರೆ ಕಾಸರಗೋಡಿನ ಕನ್ನಡಿಗನು 1956ರಿಂದ ಕೇರಳದವನು, ಜತ್ತ, ಅಕ್ಕಲಕೋಟೆಗಳ ಕನ್ನಡಿಗನು ಮಹಾರಾಷ್ಟ್ರದವನು, ಮಡಕಶಿರಾದವನು ಆಂಧ್ರದವನು. ಅರ್ಜಿಯ ನಮೂನೆಯಲ್ಲಿ ಕನ್ನಡವನ್ನು ಆರಿಸಿದೊಡನೆ ರಾಜ್ಯದ ಮನೆಯಲ್ಲಿ ಕರ್ನಾಟಕವನ್ನು ತಾನೇ ತುಂಬುವ ತಂತ್ರಾಂಶ ಇವರೆಲ್ಲರ ವಿಳಾಸವನ್ನು ಕೆಡಿಸುತ್ತದೆ. ಬೆಳಗಾವಿಯಲ್ಲಿ ಮರಾಠಿಯನ್ನು ಆರಿಸಿದವನನ್ನು ಅದೇ ನ್ಯಾಯದಿಂದ ಮಹಾರಾಷ್ಟ್ರಕ್ಕೆ ಕಳುಹಿಸುತ್ತದೆ. ನಮ್ಮ ನಾಲ್ಕು ಊರುಗಳ ಅಂಚೆ ಸೂಚ್ಯಂಕಗಳೆಲ್ಲ 591ರಿಂದ ಮೊದಲಾಗುತ್ತವೆ. ವಿಳಾಸವನ್ನು ಊಹಿಸಲೇಬೇಕಾದರೆ ಭಾಷೆಗಿಂತ ಅಂಚೆಯ ಸಂಖ್ಯೆ ಹೆಚ್ಚು ನಂಬತಕ್ಕ ಸಾಕ್ಷಿ.

ಖಾಲಿ ಮನೆಯನ್ನು ಎಂದೂ ತುಂಬಬಾರದೆಂದು ನಾವು ಹೇಳುತ್ತಿಲ್ಲ. ತುಂಬದೆ ಯಂತ್ರ ಕೆಲಸ ಮಾಡಲಾರದು. ಹಣಕ್ಕೆ ಯಾವುದಾದರೊಂದು ಚಿಹ್ನೆ, ವಾರಕ್ಕೆ ಯಾವುದಾದರೊಂದು ಮೊದಲ ದಿನ ಬೇಕೇ ಬೇಕು. ಆದರೆ ತುಂಬಿದ್ದನ್ನು ಬಳಸುವವನು ಕೊಟ್ಟ ಮಾತಿನ ಸ್ಥಾನದಲ್ಲಿ ಬರೆದಿಡಬಾರದು. ಆತನು 'ಕೆಎನ್' ಎಂದಿದ್ದರೆ ಸಂಗ್ರಹದಲ್ಲಿ 'ಕೆಎನ್' ಎಂದೇ ಉಳಿಯಬೇಕು; ಲೆಕ್ಕದ ಹೊತ್ತಿಗೆ ಮಾತ್ರ ಭಾರತವನ್ನು ಸೇರಿಸಿಕೊಂಡು, ಕೆಲಸ ಮುಗಿದ ಮೇಲೆ ಬಿಡಬೇಕು. ಜಾವಾಸ್ಕ್ರಿಪ್ಟಿನ ಈಚಿನ ವ್ಯವಸ್ಥೆಯಲ್ಲಿ ಈ ವಿವೇಕ ಕಾಣಬರುತ್ತದೆ. ಅಲ್ಲಿ 'ಕೆಎನ್' ಎಂಬ ಲೊಕೇಲಿನ ದೇಶ ಯಾವುದೆಂದು ಕೇಳಿದರೆ 'ನಿರ್ದಿಷ್ಟವಾಗಿಲ್ಲ' ಎಂದೇ ಉತ್ತರ; ವಿಸ್ತರಿಸೆಂದು ಬೇರೆಯಾಗಿ ಕೇಳಿದರೆ ಮಾತ್ರ ಲಿಪಿ, ದೇಶಗಳನ್ನು ತುಂಬಿದ ಹೊಸ ಸಂಜ್ಞೆಯೊಂದು ದೊರೆಯುತ್ತದೆ, ಮೂಲ ಹಾಗೆಯೇ ಉಳಿಯುತ್ತದೆ. ಶಾಸನಸಂಪಾದಕನ ಚೌಕ ಕಂಸಕ್ಕೆ ಯಂತ್ರದಲ್ಲಿ ಇದಕ್ಕಿಂತ ಹತ್ತಿರವಾದ ಉಪಾಯವನ್ನು ನಾವು ಕಂಡಿಲ್ಲ.

ಸೂಚಿಯನ್ನು ಎರಡನೆಯ ಸಲ ಅಣಿಗೊಳಿಸಿದಾಗ ನಾವು ಮಾಡಿದ ಮಾರ್ಪಾಡುಗಳು ಅಲ್ಪವೇ. ಯಂತ್ರದ ವ್ಯವಸ್ಥೆಯಲ್ಲಿ ಇಂಗ್ಲಿಷಿಗೂ ಕನ್ನಡಕ್ಕೂ ಭಾರತವನ್ನು ಸ್ಪಷ್ಟವಾಗಿ ನಮೂದಿಸಿದೆವು. ದಿನಾಂಕಗಳನ್ನು ವರ್ಷ, ತಿಂಗಳು, ದಿನವೆಂಬ ಮೂರು ಬೇರೆ ಕಂಬಸಾಲುಗಳಲ್ಲಿ ಬರೆದೆವು. 1900ಕ್ಕಿಂತ ಹಿಂದಿನ ದಿನಾಂಕಗಳನ್ನು ಕೆಲವು ಲೆಕ್ಕಹಾಳೆಗಳು ದಿನಾಂಕವೆಂದೇ ಗಣಿಸದೆ ಇರುವುದರಿಂದ ಕಿತ್ತೂರಿನ ಕಾಗದಗಳಿಗೆ ಇದು ಹೇಗೂ ಅವಶ್ಯಕವಾಗಿತ್ತು. ಭಾಷೆಯ ಸಂಜ್ಞೆಯ ಮುಂದೆ ದೇಶವನ್ನು ಹಚ್ಚಲಿಲ್ಲ. ಪ್ರದೇಶಕ್ಕೆ ಎರಡು ಮನೆಗಳನ್ನು ಮಾಡಿ, ಒಂದರಲ್ಲಿ ಕಾಗದವೇ ಹೇಳುವ ಹೆಸರನ್ನು, ಇನ್ನೊಂದರಲ್ಲಿ ನಾವು ಊಹಿಸಿದ್ದನ್ನು ಚೌಕ ಕಂಸದೊಳಗೆ ಇರಿಸಿದೆವು. ಸಂಪಗಾವಿ, ಪರಸಗಡಗಳು ಮೊದಲ ಮನೆಯಲ್ಲಿವೆ. ಬೈಲಹೊಂಗಲ, ಸವದತ್ತಿಗಳು ಹೆಚ್ಚಾಗಿ ಎರಡನೆಯದರಲ್ಲಿ. ಕೆಲವು ಕಾಗದಗಳ ಸಾಲಿನಲ್ಲಿ ಮೊದಲ ಮನೆ ಇನ್ನೂ ಖಾಲಿಯಾಗಿದೆ. ಅದನ್ನು ಹಾಗೆಯೇ ಬಿಟ್ಟಿದ್ದೇವೆ.